ನೀರಾಟದ ವಿಡಿಯೊ ಹಾಳಾಗುವುದೇಕೆ: ಆ್ಯಕ್ಷನ್ ಕ್ಯಾಮೆರಾದ ದೋಷ ಪತ್ತೆ ಮತ್ತು ಪರಿಹಾರ

ದಾಂಡೇಲಿಯ ಕಾಳಿ ನದಿಯಲ್ಲಿ ರಾಫ್ಟಿಂಗ್ ಇರಲಿ, ಮೂಲ್ಕಿಯ ಕಡಲಲ್ಲಿ ಸರ್ಫಿಂಗ್ ಇರಲಿ, ನೇತ್ರಾಣಿಯಲ್ಲಿ ಸ್ಕೂಬಾ ಇರಲಿ, ಹೊಸಬರ ವಿಡಿಯೊ ಕೆಡುವ ಬಗೆಗಳು ಹೆಚ್ಚೂಕಡಿಮೆ ಒಂದೇ. ಬಹಳಷ್ಟು ಸಲ ಮೈಗೋ ಹೆಲ್ಮೆಟ್ಟಿಗೋ ಕಟ್ಟಿಕೊಳ್ಳುವ ಈ ಪುಟ್ಟ ಆ್ಯಕ್ಷನ್ ಕ್ಯಾಮೆರಾ ಸರಿಯಾಗಿಯೇ ಇರುತ್ತದೆ. ನೀರಿಗಿಳಿಯುವ ಮುಂಚೆ ದಡದಲ್ಲಿ ಆದ ಗಡಿಬಿಡಿಯೇ ವಿಡಿಯೊದಲ್ಲಿ ದೋಷವಾಗಿ ಕಾಣುತ್ತದೆ. ಹಾಗಾಗಿ ಕೆಳಗಿನ ಪ್ರತಿ ಭಾಗದಲ್ಲೂ ಕಾಸು ಖರ್ಚಿಲ್ಲದ ತಪಾಸಣೆ ಮೊದಲು ಬರುತ್ತದೆ, ದುಡ್ಡು ಬೇಡುವುದು ಕೊನೆಗೆ.

ಶುರುಮಾಡುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳಿ. ತೊಂದರೆ ಯಾವ ಹೊತ್ತಿಗೆ ಕಾಣಿಸಿಕೊಂಡಿತು? ಮೊದಲ ಕ್ಲಿಪ್‌ನಿಂದಲೇ ಇದ್ದರೆ ಲೆನ್ಸ್ ಕೊಳೆಯಾಗಿದೆ ಅಥವಾ ಸೆಟ್ಟಿಂಗ್ ತಪ್ಪಿದೆ. ಹತ್ತಿಪ್ಪತ್ತು ನಿಮಿಷ ಕಳೆದ ಮೇಲೆ ಬಂದಿದ್ದರೆ ಬಿಸಿ, ಆವಿ, ಬ್ಯಾಟರಿ, ಈ ಮೂರರಲ್ಲಿ ಒಂದು. ಮುಳುಗಿ ಎದ್ದ ಕೂಡಲೇ ಬಂದಿದ್ದರೆ ನೀರಹನಿ, ಮೈಕ್, ಇಲ್ಲವೇ ಸೋರಿಕೆ. ಎರಡನೆಯ ಪ್ರಶ್ನೆ: ಅದೇ ಕ್ಲಿಪ್ಪನ್ನು ಕ್ಯಾಮೆರಾದ ಸ್ವಂತ ಪರದೆಯಲ್ಲಿ ಹಾಕಿ ನೋಡಿದರೂ ತೊಂದರೆ ಕಾಣುತ್ತದೆಯೇ? ಕಾಣದಿದ್ದರೆ ಕ್ಯಾಮೆರಾವನ್ನು ಬಿಟ್ಟು ಫೋನ್ ಅಥವಾ ಕಂಪ್ಯೂಟರಿನ ಕಡೆ ಹುಡುಕಿ.

## ಚಿತ್ರದ ನಡುವೆ ಉರುಟು ಮಸುಕು ಮಚ್ಚೆ, ಬೆಳಕು ಬಿದ್ದಲ್ಲಿ ಹಾಲು ಚೆಲ್ಲಿದಂತೆ ಬಿಳುಪು

ಉರುಟಾಗಿದ್ದು, ಕೆಲವು ಸೆಕೆಂಡಿನಲ್ಲಿ ಜಾರಿ ಹೋಗುವ ಮಚ್ಚೆ ಎಂದರೆ ಹೊರಗಿನ ಗಾಜಿನ ಮೇಲೆ ಕೂತ ನೀರಹನಿ. ಆ್ಯಕ್ಷನ್ ಕ್ಯಾಮೆರಾದ ಲೆನ್ಸ್ ಚಿಕ್ಕದು, ನೋಟ ಅಗಲ. ಒಂದೇ ಹನಿ ಚಿತ್ರದ ಕಾಲು ಭಾಗ ನುಂಗಬಲ್ಲದು. ಜಾರದೆ ಉಳಿದು, ಸೂರ್ಯನ ಕಡೆ ತಿರುಗಿದಾಗಲೆಲ್ಲ ಬಿಳುಚಿಕೊಂಡರೆ ಅದು ಜಿಡ್ಡು. ಈ ಜಿಡ್ಡಿನ ಮೂಲ ಹೆಚ್ಚಾಗಿ ಸನ್‌ಸ್ಕ್ರೀನ್ ಹಚ್ಚಿದ ಬೆರಳು. ಜಿಡ್ಡಿರುವ ಗಾಜಿನ ಮೇಲೆ ಹನಿ ಹರಿಯದೆ ಗುಂಡಗೆ ನಿಲ್ಲುತ್ತದೆ, ಆದ್ದರಿಂದ ಎರಡೂ ಮಚ್ಚೆಗಳಿಗೆ ಮದ್ದು ಒಂದೇ ಕಡೆ ಶುರುವಾಗುತ್ತದೆ.

ಪಾತ್ರೆ ತೊಳೆಯುವ ಲಿಕ್ವಿಡ್‌ನ ಒಂದು ತೊಟ್ಟನ್ನು ಸಿಹಿನೀರಿನಲ್ಲಿ ಬೆರೆಸಿ, ಬಾಗಿಲುಗಳೆಲ್ಲ ಮುಚ್ಚಿದ್ದಾವೆಂದು ನೋಡಿಕೊಂಡು, ಗಾಜನ್ನು ಬೆರಳ ತುದಿಯಿಂದ ಮೆಲ್ಲಗೆ ತೊಳೆಯಿರಿ. ಮರಳು ಅಂಟಿದ್ದರೆ ಮೊದಲು ನೀರು ಹಾಯಿಸಿ ಕಳೆಯಬೇಕು. ಒಣ ಬಟ್ಟೆಯಲ್ಲಿ ಉಜ್ಜಿದರೆ ಮರಳ ಕಣ ಗಾಜನ್ನು ಗೀರುತ್ತದೆ. ಕೊನೆಗೆ ಮೈಕ್ರೋಫೈಬರ್ ಬಟ್ಟೆಯಲ್ಲಿ ಒತ್ತಿ ಒರೆಸಿ. ಟೀ ಶರ್ಟಿನ ಅಂಚು, ಬೈರಾಸು ಬೇಡ.

ಅಲೆಯ ನಡುವೆ ಇರುವಾಗ ಸರ್ಫರ್‌ಗಳು ಮಾಡುವುದು ತೀರಾ ಸರಳ: ಗಾಜಿನ ಮೇಲೆ ನಾಲಿಗೆ ಸವರಿ ಎಂಜಲು ಹಚ್ಚುತ್ತಾರೆ, ಒಮ್ಮೆ ನೀರಲ್ಲಿ ಅದ್ದುತ್ತಾರೆ, ಆಮೇಲೆ ಅಲೆ ಹಿಡಿಯುತ್ತಾರೆ. ಎಂಜಲು ಇದ್ದಲ್ಲಿ ನೀರು ಹನಿಗಟ್ಟದೆ ತೆಳ್ಳಗಿನ ಪೊರೆಯಾಗಿ ಹರಡುತ್ತದೆ. ಪೊರೆಯ ಮೂಲಕ ಚಿತ್ರ ಸ್ವಚ್ಛವಾಗಿಯೇ ಬರುತ್ತದೆ. ಒಂದೊಂದು ಅಲೆಗೂ ಇದನ್ನು ಮತ್ತೆ ಮಾಡಬೇಕು. ನದಿಯಲ್ಲಿ, ಕೆರೆಯಲ್ಲಿ ಇದನ್ನು ಮಾಡಬೇಡಿ, ಆ ನೀರು ಬಾಯಿಗೆ ಹೋಗುವುದು ಒಳ್ಳೆಯದಲ್ಲ. ಅಲ್ಲಿ ಕಯಾಕ್ ನಿಲ್ಲಿಸಿದಾಗಲೆಲ್ಲ ಕ್ಯಾಮೆರಾವನ್ನು ಒಮ್ಮೆ ಜೋರಾಗಿ ಕೊಡವಿದರೆ ಸಾಕು.

ತೊಳೆದು ಒಣಗಿಸಿದ ಮೇಲೂ ಮಚ್ಚೆ ಅದೇ ಜಾಗದಲ್ಲಿ ಉಳಿದರೆ ಗಾಜನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಗೀರು ಕಂಡರೆ ಲೆನ್ಸಿನ ಹೊರ ಕವರ್ ಬದಲಿಸಬೇಕು. ಹಲವು ಮಾದರಿಗಳಲ್ಲಿ ಅದು ತಿರುಗಿಸಿ ತೆಗೆಯುವ ಬಿಡಿಭಾಗ, ಬೇರೆಯೇ ಸಿಗುತ್ತದೆ. ಆದರೆ ಗೋಪ್ರೋ ಮುಂತಾದವುಗಳಲ್ಲಿ ನೀರು ತಡೆಯುವ ಕೆಲಸದಲ್ಲಿ ಆ ಕವರಿಗೂ ಪಾಲಿದೆ. ಅದು ಒಡೆದಿದ್ದರೆ ಅಥವಾ ತೆಗೆದಿಟ್ಟಿದ್ದರೆ ಕ್ಯಾಮೆರಾವನ್ನು ನೀರಿಗೆ ತಾಗಿಸಲೇಬೇಡಿ.

## ಚೆನ್ನಾಗಿ ಬರುತ್ತಿದ್ದ ಚಿತ್ರ ಮೆಲ್ಲಗೆ ಮಬ್ಬಾಗುತ್ತ ಹೋಯಿತು

ಹೊರಗೆ ಒರೆಸಿದರೂ ಹೋಗದ, ಅಂಚಿನಿಂದ ಅಥವಾ ನಟ್ಟನಡುವಿನಿಂದ ಹರಡುವ ಮಬ್ಬು ಎಂದರೆ ಒಳಗೆ ಆವಿ ಕೂತಿದೆ. ವಾಟರ್‌ಪ್ರೂಫ್ ಕೇಸ್ ಬಳಸುವವರಿಗೆ ಇದು ಹೆಚ್ಚು, ಕೇಸ್ ಇಲ್ಲದವರಿಗೆ ಕಡಿಮೆ.

ಕಾರಣ ಗೊತ್ತಿದ್ದರೆ ತಡೆಯುವುದು ಸುಲಭ. 30 ಡಿಗ್ರಿ ಬಿಸಿಯ, ನೂರಕ್ಕೆ 80ರಷ್ಟು ತೇವವಿರುವ ಕರಾವಳಿ ಗಾಳಿಯನ್ನು ಕೇಸಿನೊಳಗೆ ಮುಚ್ಚಿಟ್ಟರೆ, ಗಾಜು ಸುಮಾರು 26 ಡಿಗ್ರಿಗೆ ಇಳಿದ ಕೂಡಲೇ ಆ ತೇವ ಹನಿಗಟ್ಟುತ್ತದೆ. ಕಡಲ ಮೇಲ್ಮೈ ನೀರು ಅಷ್ಟು ತಣ್ಣಗಿಲ್ಲದೆ ಹೋದರೂ ನದಿಯ ನೀರು, ಆಳದ ನೀರು ತಣ್ಣಗಿರಬಹುದು. ಇದಕ್ಕಿಂತ ದೊಡ್ಡ ತಪ್ಪು ಒದ್ದೆ ಕೈಯಲ್ಲಿ ಬ್ಯಾಟರಿ ಬದಲಿಸುವುದು. ಕೇಸಿನೊಳಗೆ ಬಿದ್ದ ಒಂದೇ ಹನಿ, ಚಾಲೂ ಇರುವ ಕ್ಯಾಮೆರಾದ ಬಿಸಿಗೆ ಆವಿಯಾಗಿ, ತಣ್ಣಗಿನ ಮುಂಗಾಜಿನ ಮೇಲೆ ಕೂರುತ್ತದೆ. ಎಷ್ಟು ದುಬಾರಿ ಕೇಸಾದರೂ ಇದನ್ನು ತಪ್ಪಿಸಲಾರದು.

ಮಾಡಬೇಕಾದ್ದು, ಈ ಕ್ರಮದಲ್ಲಿ:

1. ಬ್ಯಾಟರಿ, ಕಾರ್ಡ್ ಹಾಕಿ ಕೇಸ್ ಮುಚ್ಚುವ ಕೆಲಸವನ್ನು ರೂಮಿನಲ್ಲೇ ಮುಗಿಸಿ. ಎಸಿ ಇದ್ದರೆ ಇನ್ನೂ ಒಳ್ಳೆಯದು, ಅಲ್ಲಿನ ಗಾಳಿಯಲ್ಲಿ ನೀರಿನಂಶ ಕಡಿಮೆ.
2. ಎಸಿಯಿಂದ ಹೊರಗೆ ತಂದಾಗ ಗಾಜಿನ ಹೊರಮೈಗೆ ಮಬ್ಬು ಕವಿಯುತ್ತದೆ. ಗಾಬರಿ ಬೇಡ, 15–20 ನಿಮಿಷ ನೆರಳಲ್ಲಿ ಬಿಟ್ಟರೆ ಹೋಗುತ್ತದೆ. ಆ ಹೊತ್ತಿನಲ್ಲಿ ಬಾಗಿಲು ತೆರೆಯಬೇಡಿ.
3. ಆವಿ ಹೀರುವ ತೆಳ್ಳಗಿನ ಪಟ್ಟಿಗಳು ಸಿಗುತ್ತವೆ. ಕೇಸಿನೊಳಗೆ ಕ್ಯಾಮೆರಾದ ತಳಕ್ಕೋ ಪಕ್ಕಕ್ಕೋ ಒಂದೆರಡು ಸೇರಿಸಿ. ಕೇಸಿನ ಅಂಚಿನ ರಬ್ಬರಿಗೆ ತಾಗುವಂತೆ ಇಟ್ಟರೆ ಪಟ್ಟಿಯೇ ಸೋರಿಕೆಗೆ ದಾರಿ ಮಾಡುತ್ತದೆ.
4. ದಡದಲ್ಲಿ ಕಾಯುವಾಗ ಕ್ಯಾಮೆರಾ ಆಫ್ ಇರಲಿ, ಬಿಸಿಲಿಗೆ ಬೇಡ.

ಕೇಸ್ ಇಲ್ಲದ ಕ್ಯಾಮೆರಾದ ಲೆನ್ಸಿನ ಹಿಂದೆಯೇ ಮಬ್ಬು ಕಂಡರೆ ವಿಷಯ ಬೇರೆ. ಬ್ಯಾಟರಿ ಬಾಗಿಲು ತೆರೆದು, ಬ್ಯಾಟರಿ ತೆಗೆದು, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ದಿನ ಇಡಿ. ಹೋದರೆ ಅದು ಬರೀ ಗಾಳಿಯ ತೇವ. ಮುಂದಿನ ಸಲ ಮತ್ತೆ ಬಂದರೆ, ಅಥವಾ ಹನಿಗಳೇ ಕಂಡರೆ, ಸೀಲ್ ಎಲ್ಲೋ ಸೋತಿದೆ. ಕೊನೆಯ ಭಾಗ ಓದಿ.

## ನೀರೊಳಗಿನ ಚಿತ್ರವೆಲ್ಲ ನೀಲಿ ಅಥವಾ ಹಸಿರು

ಇದು ನೀರಿನ ಸ್ವಭಾವ. ನೀರು ಕೆಂಪು ಬೆಳಕನ್ನು ಮೊದಲು ನುಂಗುತ್ತದೆ. ಐದು ಮೀಟರ್ ಆಳಕ್ಕೆ ಹೋಗುವಷ್ಟರಲ್ಲೇ ಕೆಂಪು ಬಹುಪಾಲು ಮಾಯವಾಗಿ ಮೈಬಣ್ಣ ಬೂದಿಯಾಗುತ್ತದೆ. ಮೇಲಿನಿಂದ ಕೆಳಕ್ಕೆ ಬರುವ ದೂರವಷ್ಟೇ ಅಲ್ಲ, ಕ್ಯಾಮೆರಾದಿಂದ ಮೀನಿನವರೆಗಿನ ದೂರವೂ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಬಿಟ್ಟಿ ಉಪಾಯ: ಹತ್ತಿರ ಹೋಗಿ. ಒಂದು ಮೀಟರಿನೊಳಗೆ ಹಿಡಿದ ಚಿತ್ರಕ್ಕೂ ನಾಲ್ಕು ಮೀಟರ್ ದೂರದಿಂದ ಹಿಡಿದದ್ದಕ್ಕೂ ಅಜಗಜಾಂತರ. ಹವಳಕ್ಕಾಗಲಿ ಕಡಲಾಮೆಗಾಗಲಿ ಕೈ ತಾಗಿಸದೆ, ಅಟ್ಟಿಸಿಕೊಂಡು ಹೋಗದೆ ಎಷ್ಟು ಹತ್ತಿರ ಸಾಧ್ಯವೋ ಅಷ್ಟೇ.

ಕ್ಲಿಪ್ಪಿನ ನಡುವೆ ಬಣ್ಣ ಒಮ್ಮೆ ಹಸಿರು, ಒಮ್ಮೆ ನೇರಳೆ ಎಂದು ಹಾರುತ್ತಿದ್ದರೆ ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ಆಟೊ ವೈಟ್ ಬ್ಯಾಲೆನ್ಸ್ ತಡಕಾಡುತ್ತಿದೆ ಎಂದರ್ಥ. ಅದನ್ನು 5500 ಕೆಲ್ವಿನ್ ಸುಮಾರಿಗೆ ಕಟ್ಟಿಹಾಕಿ, ಬಣ್ಣವನ್ನು ಆಮೇಲೆ ಎಡಿಟಿಂಗ್‌ನಲ್ಲಿ ತಿದ್ದಿ. ಒಂದೇ ಸಮನಾಗಿ ತಪ್ಪಿದ ಬಣ್ಣವನ್ನು ತಿದ್ದಬಹುದು, ಹಾರಾಡುವ ಬಣ್ಣವನ್ನು ತಿದ್ದುವುದು ಬಲು ಕಷ್ಟ.

ಕೆಂಪು ಫಿಲ್ಟರ್ ನೀಲಿ ನೀರಿಗೆ, ನೇರಳೆ ಛಾಯೆಯದ್ದು ಹಸಿರು ನೀರಿಗೆ. ಮೂರು ಮೀಟರಿಗಿಂತ ಕಡಿಮೆ ಆಳದಲ್ಲಿ, ಸ್ನಾರ್ಕೆಲಿಂಗ್‌ನಲ್ಲಿ ಎರಡೂ ಬೇಡ, ಚಿತ್ರವೆಲ್ಲ ಕೆಂಪಾಗುತ್ತದೆ. ಕಲಕಿದ ನೀರಿನಲ್ಲಿ ಯಾವ ಫಿಲ್ಟರೂ ಕೆಲಸಕ್ಕೆ ಬರುವುದಿಲ್ಲ. ಅಲ್ಲಿ ಟಾರ್ಚ್ ಹಾಕಿದರೆ ತೇಲುವ ಕಣಗಳೆಲ್ಲ ಹೊಳೆದು ಇನ್ನಷ್ಟು ಕೆಡುತ್ತದೆ. ಟಾರ್ಚ್ ಹಾಕಲೇಬೇಕೆಂದಿದ್ದರೆ ಲೆನ್ಸಿನಿಂದ ದೂರವಾಗಿ, ಓರೆಯಾಗಿ ಹಿಡಿಯಿರಿ.

ಆಳದ ಮಿತಿಯ ಮಾತು ಇಲ್ಲೇ ಹೇಳಬೇಕು. ಗೋಪ್ರೋ ಹೀರೊ 5ರಿಂದ ಹೀರೊ 12ರವರೆಗಿನ ‘ಬ್ಲ್ಯಾಕ್’ ಹೆಸರಿನ ಮಾದರಿಗಳು ಕೇಸ್ ಇಲ್ಲದೆ 10 ಮೀಟರ್ ತಡೆಯುತ್ತವೆ, ಡಿಜೆಐ ಓಸ್ಮೊ ಆ್ಯಕ್ಷನ್ 4 ಹದಿನೆಂಟು ಮೀಟರ್. ತರಬೇತಿಯಿಲ್ಲದವರ ಪರಿಚಯ ಡೈವ್‌ಗೆ ಸ್ಕೂಬಾ ತರಬೇತಿಯ ಪ್ಯಾಡಿ ಸಂಸ್ಥೆ ಇಟ್ಟಿರುವ ಗರಿಷ್ಠ ಮಿತಿ 12 ಮೀಟರ್. ಅಂದರೆ ಮೊಟ್ಟಮೊದಲ ಡೈವ್‌ನಲ್ಲೇ 10 ಮೀಟರಿನ ಕ್ಯಾಮೆರಾ ತನ್ನ ಮಿತಿ ದಾಟಬಹುದು. ನೇತ್ರಾಣಿಗೆ ಹೋಗುವವರು ಕೇಸ್ ಕೊಂಡೇ ಹೋಗುವುದು ವಾಸಿ.

## ಚಿತ್ರ ಅಲುಗುತ್ತದೆ, ಬಳುಕುತ್ತದೆ, ಓರೆಯಾಗಿದೆ

ಎಲ್ಲ ಅಲುಗಾಟವೂ ಒಂದೇ ಅಲ್ಲ.

ಇಡೀ ಚಿತ್ರ ಕುಣಿಯುತ್ತಿದ್ದರೆ ಮೊದಲು ಕ್ಯಾಮೆರಾ ಕೂರಿಸಿದ ಮೌಂಟನ್ನು ಬೆರಳಿನಲ್ಲಿ ಅಲುಗಿಸಿ ನೋಡಿ. ಬೆರಳಿಗೆ ಸಡಿಲ ಅನಿಸಿದ್ದು ಅಲೆಗೆ ಇನ್ನೂ ಸಡಿಲ. ಸ್ಕ್ರೂವನ್ನು ಒಣಗಿರುವಾಗಲೇ ಬಿಗಿ ಮಾಡಿ. ಎದೆಪಟ್ಟಿಯಾದರೆ ಲೈಫ್ ಜಾಕೆಟ್ ಹಾಕಿದ ಮೇಲೆ ಅದರ ಮೇಲೆಯೇ ಕಟ್ಟಿ, ಆದರೆ ಜಾಕೆಟ್ಟಿನ ಬಕಲ್‌ಗಳು ಮುಚ್ಚಿಹೋಗಬಾರದು. ರಕ್ಷಣೆಗೆ ಬಂದವರು ಅವನ್ನೇ ಹುಡುಕುತ್ತಾರೆ.

ಮೌಂಟ್ ಗಟ್ಟಿಯಿದೆ, ಅಲುಗಾಟ ತಗ್ಗಿಸುವ ಸ್ಟೆಬಿಲೈಸೇಷನ್ ಆನ್ ಇದೆ, ಆದರೂ ಚಿತ್ರ ನಡುನಡುವೆ ನಡುಗಿದಂತೆ ಮಸುಕಾಗುತ್ತಿದೆ ಎಂದಾದರೆ ಬೆಳಕು ಸಾಲುತ್ತಿಲ್ಲ. ಕಾಡಿನ ನೆರಳಿರುವ ನದಿ, ಮೋಡದ ದಿನ, ಸಂಜೆ: ಇಲ್ಲೆಲ್ಲ ಕ್ಯಾಮೆರಾ ಶಟರನ್ನು ನಿಧಾನ ಮಾಡುತ್ತದೆ, ಅಂದರೆ ಒಂದೊಂದು ಫ್ರೇಮಿಗೂ ಹೆಚ್ಚು ಹೊತ್ತು ಬೆಳಕು ಹೀರುತ್ತದೆ. ಒಂದೊಂದು ಫ್ರೇಮಿನೊಳಗೇ ಚಿತ್ರ ಎಳೆದುಹೋಗಿರುತ್ತದೆ, ಅದನ್ನು ಸ್ಟೆಬಿಲೈಸೇಷನ್ ಸರಿಮಾಡಲಾರದು. ಸೆಕೆಂಡಿಗೆ 30 ಫ್ರೇಮಿನ ಬದಲು 60 ಫ್ರೇಮ್ ಆರಿಸಿ. ಆಗ ಶಟರ್ ಸೆಕೆಂಡಿನ 60ನೇ ಒಂದು ಭಾಗಕ್ಕಿಂತ ನಿಧಾನವಾಗಲು ಸಾಧ್ಯವೇ ಇಲ್ಲ. ಜೊತೆಗೆ 30ರ ಟೈಮ್‌ಲೈನ್‌ನಲ್ಲಿ ಅರ್ಧ ವೇಗದ ಸ್ಲೋ ಮೋಷನ್ ಕೂಡ ಸಿಗುತ್ತದೆ. ಬೆಳಕು ಇನ್ನೂ ಕಡಿಮೆ ಇದ್ದರೆ, ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕೆಂದು ಹೇಳುವ ಐಎಸ್‌ಒ ಗರಿಷ್ಠ ಮಿತಿಯನ್ನು 1600ಕ್ಕೆ ಏರಿಸಿ. ಚುಕ್ಕೆ ಚುಕ್ಕೆ ಬರುತ್ತದೆ, ಆದರೆ ಮಸುಕಿಗಿಂತ ಚುಕ್ಕೆ ಲೇಸು. ಲೆನ್ಸಿನ ಮೇಲೆ ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಇದ್ದರೆ ಕಳಚಿಡಿ. ಬೈಕ್ ವಿಡಿಯೊಗೆ ಹಾಕಿದ್ದನ್ನು ಮರೆತು ನೀರಿಗಿಳಿದವರ ಫೂಟೇಜ್ ಹೀಗೆಯೇ ಕಾಣುವುದು.

ಅಂಚುಗಳು ಜೆಲ್ಲಿಯಂತೆ ಬಳುಕುವುದು ಜೆಟ್ ಸ್ಕೀ ಅಥವಾ ಮೋಟಾರ್ ದೋಣಿಯ ಮೈಗೆ ಕ್ಯಾಮೆರಾ ಕಟ್ಟಿದಾಗ. ಎಂಜಿನ್ನಿನ ಕಂಪನ ನೇರವಾಗಿ ಸೆನ್ಸರಿಗೆ ತಲುಪುತ್ತದೆ. ಕ್ಯಾಮೆರಾವನ್ನು ದೋಣಿಯಿಂದ ಬಿಡಿಸಿ ಮೈಗೆ ಕಟ್ಟಿಕೊಳ್ಳಿ, ಅರ್ಧಕ್ಕರ್ಧ ಅಲ್ಲಿಗೇ ನಿಲ್ಲುತ್ತದೆ.

ದಿಗಂತ ಓರೆಯಾಗಿ ಬರುತ್ತಿದ್ದರೆ ಹಾರಿಜಾನ್ ಲಾಕ್ ಅಥವಾ ಲೆವೆಲಿಂಗ್ ಆನ್ ಮಾಡಿ. ಹೆಲ್ಮೆಟ್ಟಿಗೆ ಕಟ್ಟಿದ ಕ್ಯಾಮೆರಾ ಬರೀ ಆಕಾಶ ತೋರಿಸುತ್ತಿದ್ದರೆ, ಹುಟ್ಟು ಹಾಕುವ ಭಂಗಿಯಲ್ಲಿ ಕೂತು ಪರದೆ ನೋಡಿ ಕೋನ ಹೊಂದಿಸಿ. ನಿಂತು ಹೊಂದಿಸಿದ ಕೋನ ಕೂತಾಗ ತಪ್ಪುತ್ತದೆ. ಒಳಾಂಗಣ ಈಜುಕೊಳದಲ್ಲಿ ಚಿತ್ರ ಮಿನುಗಿದರೆ ಆ್ಯಂಟಿ ಫ್ಲಿಕರ್ ಅನ್ನು 50 ಹರ್ಟ್ಸ್‌ಗೆ ಇಡಿ, ನಮ್ಮ ವಿದ್ಯುತ್ತು ಅದೇ. ಬಿಸಿಲಲ್ಲಿ ಆಳವಿಲ್ಲದ ನೀರಿನ ತಳದಲ್ಲಿ ಓಡಾಡುವ ಬೆಳಕಿನ ಗೆರೆಗಳು ದೋಷವಲ್ಲ.

## ದನಿ ಗುಂಯ್‌ಗುಡುತ್ತದೆ, ಹೂತು ಹೋದಂತಿದೆ

ಮೈಕಿನ ತೂತಿನಲ್ಲಿ ನೀರು ನಿಂತಿದೆ. ಕ್ಯಾಮೆರಾವನ್ನು ತೂತು ಕೆಳಗಾಗಿ ಹಿಡಿದು ನಾಲ್ಕಾರು ಬಾರಿ ಕೊಡವಿ, ಹಾಗೆಯೇ ಒಂದಿಷ್ಟು ಹೊತ್ತು ಬಿಡಿ. ಸೂಜಿ, ಪಿನ್ನು ಚುಚ್ಚಲೇಬೇಡಿ. ತೂತಿನ ಹಿಂದೆ ನೀರು ತಡೆಯುವ ತೆಳುಪೊರೆ ಇದೆ, ಅದು ಹರಿದರೆ ಕ್ಯಾಮೆರಾ ವಾಟರ್‌ಪ್ರೂಫ್ ಆಗಿ ಉಳಿಯುವುದಿಲ್ಲ. ಕಂಪ್ರೆಸರಿನ ಗಾಳಿ ಬಿಡುವುದೂ ಅಷ್ಟೇ ಅಪಾಯ. ಕಡಲಿಗೆ ಹೋಗಿ ಬಂದ ಮೇಲೆ ಕೆಲವು ದಿನಗಳಿಂದ ದನಿ ಕುಗ್ಗುತ್ತಲೇ ಇದ್ದರೆ ಉಪ್ಪು ಕಟ್ಟಿದೆ. ಉಗುರುಬೆಚ್ಚಗಿನ ಸಿಹಿನೀರಿನಲ್ಲಿ 15 ನಿಮಿಷ ಮುಳುಗಿಸಿಟ್ಟು ಒಣಗಿಸಿ. ಕೇಸಿನೊಳಗಿರುವ ಕ್ಯಾಮೆರಾದ ದನಿ ಹೇಗೂ ಹೂತೇ ಇರುತ್ತದೆ, ಅದಕ್ಕೆ ಮದ್ದಿಲ್ಲ.

## ರೆಕಾರ್ಡಿಂಗ್ ತನ್ನಷ್ಟಕ್ಕೆ ನಿಲ್ಲುತ್ತದೆ

ಪರದೆಯ ಮೇಲೆ ಏನು ಬಂತು ಎಂಬುದರಿಂದಲೇ ಅರ್ಧ ಉತ್ತರ ಸಿಗುತ್ತದೆ.

ಉಷ್ಣಮಾಪಕದ ಚಿತ್ರ ಅಥವಾ ಬಿಸಿಯ ಎಚ್ಚರಿಕೆ ಬಂದರೆ ಆಫ್ ಮಾಡಿ ನೆರಳಿಗೆ ತನ್ನಿ. ನೀರಿನಲ್ಲಿರುವ ಕ್ಯಾಮೆರಾ ಬಿಸಿಯಾಗುವುದು ಅಪರೂಪ. ಬಿಸಿಯಾಗುವುದು ದಡದಲ್ಲಿ, ಕೇಸಿನೊಳಗೆ, ಬಿಸಿಲಿನಲ್ಲಿ ಸುಮ್ಮನೆ ಓಡುತ್ತಿರುವಾಗ. ರೆಸಲ್ಯೂಷನ್ನನ್ನು 5.3ಕೆಯಿಂದ 4ಕೆ 30 ಫ್ರೇಮಿಗೆ ಇಳಿಸಿ, ವೈಫೈ, ಜಿಪಿಎಸ್ ಆಫ್ ಮಾಡಿ, ಉದ್ದ ಕ್ಲಿಪ್ಪಿನ ಬದಲು ಒಂದೆರಡು ನಿಮಿಷದ ತುಂಡುಗಳಾಗಿ ಹಿಡಿಯಿರಿ. ಬೆಂದ ಕ್ಯಾಮೆರಾವನ್ನು ಐಸ್ ಪೆಟ್ಟಿಗೆಗೆ ಹಾಕಬೇಡಿ, ಒಳಗೆ ಆವಿ ಹನಿಗಟ್ಟುತ್ತದೆ.

ಕಾರ್ಡಿನ ಎಚ್ಚರಿಕೆ ಬಂದರೆ, ಅಥವಾ ಯಾವ ಎಚ್ಚರಿಕೆಯೂ ಇಲ್ಲದೆ ಕೆಲವೇ ಸೆಕೆಂಡಿನಲ್ಲಿ ನಿಂತುಹೋದರೆ, ಕಾರ್ಡ್ ನಿಧಾನವಾಗಿದೆ ಅಥವಾ ನಕಲಿ. ಕ್ಯಾಮೆರಾ ಕಾರ್ಡಿಗೆ ಸೆಕೆಂಡಿಗೆ 100 ಮೆಗಾಬಿಟ್ ಬರೆಯುತ್ತದೆ ಎಂದುಕೊಳ್ಳಿ, ಅಂದರೆ ಹನ್ನೆರಡೂವರೆ ಮೆಗಾಬೈಟ್. ನಿಮಿಷಕ್ಕೆ 750 ಮೆಗಾಬೈಟ್. ಈ ಓಟಕ್ಕೆ ಕಾರ್ಡಿನ ಮೇಲೆ ವಿ30 ಅಥವಾ ಯು3 ಗುರುತು ಇರಬೇಕು, ಅದು ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುವ ಖಾತರಿ. ಇದೇ ಲೆಕ್ಕದಲ್ಲಿ 64 ಜಿಬಿ ಕಾರ್ಡಿನಲ್ಲಿ ಸುಮಾರು 80 ನಿಮಿಷ ಹಿಡಿಯುತ್ತದೆ. ಮೊದಲು ವಿಡಿಯೊಗಳನ್ನು ಬೇರೆಡೆಗೆ ನಕಲು ಮಾಡಿಕೊಂಡು, ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಆಗಲೂ ನಿಂತರೆ ಬೇರೆ ಕಾರ್ಡ್ ಹಾಕಿ ನೋಡಿ. ಬೇರೆಯದರಲ್ಲಿ ಸರಿಹೋದರೆ ಹಳೆಯದನ್ನು ಕೈಬಿಡಿ. ಅನುಮಾನವಿದ್ದರೆ ಕಂಪ್ಯೂಟರಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯು ಎಂಬ ಉಚಿತ ಪ್ರೋಗ್ರಾಂ ಓಡಿಸಿ, ನಕಲಿ ಕಾರ್ಡಿನ ನಿಜವಾದ ಅಳತೆ ಬಯಲಾಗುತ್ತದೆ.

ಯಾವ ಸೂಚನೆಯೂ ಇಲ್ಲದೆ ಪರದೆಯೇ ಆರಿದರೆ ಬ್ಯಾಟರಿ. ಪೂರ್ತಿ ಚಾರ್ಜ್ ಮಾಡಿ, ರೂಮಿನಲ್ಲಿ 4ಕೆ 30ರಲ್ಲಿ ಓಡಿಸಿ ಹೊತ್ತು ನೋಡಿಕೊಳ್ಳಿ. ಹೊಸದಿದ್ದಾಗ ಬರುತ್ತಿದ್ದುದರ ಅರ್ಧಕ್ಕೆ ಇಳಿದಿದ್ದರೆ ಬದಲಿಸುವ ಕಾಲ. ಬೆನ್ನಿನ ಚೀಲದಲ್ಲಿ ಶಟರ್ ಒತ್ತಿಹೋಗಿ, ತಾನೇ ಆನ್ ಆಗಿ, ಚೀಲದ ಕತ್ತಲೆಯನ್ನೇ ಗಂಟೆಗಟ್ಟಲೆ ಹಿಡಿದಿರುವುದೂ ಉಂಟು. ಪ್ರಯಾಣದಲ್ಲಿ ಕ್ವಿಕ್ ಕ್ಯಾಪ್ಚರ್ (ಶಟರ್ ಒಮ್ಮೆ ಒತ್ತಿದರೆ ಆನ್ ಆಗಿ ರೆಕಾರ್ಡಿಂಗ್ ಶುರುಮಾಡುವ ಸೆಟ್ಟಿಂಗ್) ಆಫ್ ಇಡಿ.

ಬ್ಯಾಟರಿ ಹೊರತೆಗೆಯಲು ಬಿಗಿಯಾಗಿದ್ದರೆ, ಹೊಟ್ಟೆ ಉಬ್ಬಿದ್ದರೆ, ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಅಲ್ಲಿಗೇ ನಿಲ್ಲಿಸಿ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಒತ್ತಬಾರದು, ಚುಚ್ಚಬಾರದು. ಇ-ತ್ಯಾಜ್ಯ ಪಡೆಯುವಲ್ಲಿಗೆ ಕೊಡಿ.

## ನೀರಲ್ಲಿ ಪರದೆ ಕೇಳುವುದಿಲ್ಲ, ತಾನೇ ಮೋಡ್ ಬದಲಿಸುತ್ತದೆ

ಟಚ್ ಪರದೆ ನೀರನ್ನೂ ಬೆರಳೆಂದೇ ತಿಳಿಯುತ್ತದೆ. ನೀರಿಗಿಳಿಯುವ ಮುಂಚೆ ಪರದೆ ಲಾಕ್ ಮಾಡಿ, ಶಟರ್ ಬಟನ್ನಿನಿಂದಲೇ ಶುರು, ಅದರಿಂದಲೇ ನಿಲುಗಡೆ. ಪೂರ್ತಿ ಹೆಪ್ಪುಗಟ್ಟಿ ನಿಂತರೆ ಪವರ್ ಬಟನ್ನನ್ನು 10 ಸೆಕೆಂಡ್ ಒತ್ತಿ ಹಿಡಿಯಿರಿ. ಒಣಗಿದ ಮೇಲೂ ಹೀಗೆಯೇ ಆದರೆ ಕ್ಯಾಮೆರಾದೊಳಗಿನ ತಂತ್ರಾಂಶವಾದ ಫರ್ಮ್‌ವೇರ್ ಅಪ್‌ಡೇಟ್ ಮಾಡಿ. ಅಪ್‌ಡೇಟನ್ನು ಪ್ರವಾಸಕ್ಕೆ ಎರಡು ದಿನ ಮುಂಚೆ ಮಾಡಿ ಒಮ್ಮೆ ಓಡಿಸಿ ನೋಡಬೇಕು, ಹೊರಡುವ ಬೆಳಿಗ್ಗೆ ಮಾಡಬಾರದು.

## ಫೈಲ್ ತೆರೆಯುತ್ತಿಲ್ಲ, ತಡವರಿಸುತ್ತಿದೆ

ಕ್ಯಾಮೆರಾದಲ್ಲಿ ಸಲೀಸಾಗಿ ಓಡಿ ಕಂಪ್ಯೂಟರಿನಲ್ಲಿ ತಡವರಿಸಿದರೆ, ಎಚ್ಇವಿಸಿ ಎಂಬ ಬಿಗಿಯಾಗಿ ಕುಗ್ಗಿಸಿದ ಮಾದರಿಯ ವಿಡಿಯೊ ಹಳೆಯ ಯಂತ್ರಕ್ಕೆ ಭಾರವಾಗಿದೆ, ಅಷ್ಟೇ. ಫೂಟೇಜ್ ಚೆನ್ನಾಗಿದೆ. ರೆಕಾರ್ಡಿಂಗ್ ನಡುವೆ ಬ್ಯಾಟರಿ ಸತ್ತು ಫೈಲ್ ತೆರೆಯದೆ ಹೋದರೆ, ಕಾರ್ಡನ್ನು ಅದೇ ಕ್ಯಾಮೆರಾಗೆ ಹಾಕಿ ಆನ್ ಮಾಡಿ. ಗೋಪ್ರೋ ಕ್ಯಾಮೆರಾಗಳು ಅರ್ಧಕ್ಕೆ ನಿಂತ ಕೊನೆಯ ಫೈಲನ್ನು ತಾವೇ ದುರಸ್ತಿ ಮಾಡಲು ನೋಡುತ್ತವೆ. ಅದಕ್ಕೆ ಮುಂಚೆ ಆ ಕಾರ್ಡಿಗೆ ಹೊಸದೇನನ್ನೂ ಬರೆಯಬೇಡಿ, ಫಾರ್ಮ್ಯಾಟ್ ಅಂತೂ ಬೇಡವೇ ಬೇಡ. ಅಳಿಸಿಹೋದ ಫೈಲ್ ಮರಳಿ ಪಡೆಯಬಹುದು, ಅದರ ಮೇಲೆ ಬೇರೆಯದು ಬರೆದಾಗಿದ್ದರೆ ಆಗದು.

## ಕ್ಯಾಮೆರಾ ಕಳಚಿ ಬಿತ್ತು

ಹೀರೊ 12ರ ತೂಕ 154 ಗ್ರಾಂ, ಅದು ಸರಿಸುವ ನೀರು ಸುಮಾರು 120 ಗ್ರಾಂ. ಅಂದರೆ ಬಿದ್ದರೆ ಮುಳುಗುತ್ತದೆ. ತೇಲುವ ಹಿಡಿಕೆ ಅಥವಾ ಕಿತ್ತಳೆ ಬಣ್ಣದ ತೇಲುಬೆಂಡು ಕಟ್ಟುವುದೇ ಮೊದಲ ವಿಮೆ. ಆಮೇಲೆ ಕ್ಯಾಮೆರಾ ಕೈತಪ್ಪದಂತೆ ಕಟ್ಟುವ ಟೆದರ್ ದಾರ.

ಅಂಟಿಸಿದ ಮೌಂಟ್ ಕಿತ್ತು ಬಂದಿದ್ದರೆ ಅಂಟಿನ ಹಿಂಬದಿ ನೋಡಿ. ಮರಳು, ಮೇಣ, ಉಪ್ಪಿನ ಪುಡಿ ಇದ್ದರೆ ಮೇಲ್ಮೈ ಶುಚಿಯಾಗಿರಲಿಲ್ಲ. ಸರ್ಫ್‌ಬೋರ್ಡಿನ ಮೇಣ ಪೂರ್ತಿ ಕೆರೆದು, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಒಣಗಿದ ಮೇಲೆ ಅಂಟಿಸಿ, 24 ಗಂಟೆ ಬಿಡಬೇಕು. ಬೀಚಿಗೆ ಬಂದು ಅಂಟಿಸಿದ್ದು ಮೊದಲ ಅಲೆಗೇ ಹೋಗುತ್ತದೆ. ಹೊಸಬರಿಗೆ ಬಾಡಿಗೆಗೆ ಕೊಡುವ ಮೆತ್ತನೆಯ ಫೋಮ್ ಬೋರ್ಡಿಗೆ ಅಂಟು ಹಿಡಿಯುವುದೇ ಇಲ್ಲ, ಅಂಥಲ್ಲಿ ಬಾಯಲ್ಲಿ ಕಚ್ಚಿ ಹಿಡಿಯುವ ಮೌಂಟ್ ವಾಸಿ.

ಪ್ರಾಣದ ಲೆಕ್ಕ ಕ್ಯಾಮೆರಾಕ್ಕಿಂತ ಮೊದಲು. ದಾರವನ್ನು ಕೊರಳಿಗೆ ಹಾಕಿಕೊಳ್ಳಬೇಡಿ, ನೀರೊಳಗಿನ ಕೊಂಬೆಗೋ ಹಗ್ಗಕ್ಕೋ ಸಿಕ್ಕಿದರೆ ಉಸಿರುಗಟ್ಟುತ್ತದೆ. ಜಾಕೆಟ್ಟಿಗೆ ಗಿಡ್ಡ ದಾರದಲ್ಲಿ ಕಟ್ಟಿ. ರಾಫ್ಟಿನಲ್ಲಿ ಸೆಲ್ಫಿ ಸ್ಟಿಕ್ ಎದುರಿಗಿದ್ದವರ ಮುಖಕ್ಕೆ ತಾಗುತ್ತದೆ, ಅಲ್ಲಿ ಎರಡು ಕೈಯೂ ಹುಟ್ಟಿಗೇ ಬೇಕು. ಗೈಡ್ ಬೇಡ ಎಂದರೆ ಬೇಡ. ಬಿದ್ದ ಕ್ಯಾಮೆರಾದ ಹಿಂದೆ ರಭಸದ ನೀರಿಗೆ ಹಾರಬೇಡಿ. ಸ್ಕೂಬಾದಲ್ಲಿ ಚಿತ್ರ ಅಲುಗದಿರಲೆಂದು ಉಸಿರು ಬಿಗಿಹಿಡಿಯುವುದು ಜೀವಕ್ಕೇ ಅಪಾಯ. ಉಸಿರು ಹಿಡಿದು ಮೇಲೇರಿದರೆ ಶ್ವಾಸಕೋಶ ಹಿಗ್ಗಿ ಹರಿಯಬಹುದು. ಮೊದಲ ಡೈವ್‌ನಲ್ಲಿ ಕ್ಯಾಮೆರಾವನ್ನು ತರಬೇತುದಾರರ ಕೈಗೆ ಕೊಡಿ.

## ಒಳಗೆ ನೀರು ಹೋಗಿದೆ

ಲಕ್ಷಣಗಳು: ಬಾಗಿಲು ತೆರೆದಾಗ ಹನಿ, ಲೆನ್ಸಿನ ಹಿಂದೆ ಹನಿ, ಬ್ಯಾಟರಿಯ ಚಿನ್ನದ ಬಣ್ಣದ ತುದಿಗಳಲ್ಲಿ ಹಸಿರು ಅಥವಾ ಬಿಳಿ ಪುಡಿ, ತಾನೇ ಆನ್ ಆಗಿ ಆಫ್ ಆಗುವುದು.

ತಕ್ಷಣ ಆಫ್ ಮಾಡಿ. ಕ್ಯಾಮೆರಾವನ್ನು ಹೊರಗಿನಿಂದ ಒರೆಸಿ, ಬಾಗಿಲು ನೆಲದ ಕಡೆ ಇರುವಂತೆ ಹಿಡಿದು ತೆರೆದು, ಬ್ಯಾಟರಿ, ಕಾರ್ಡ್ ತೆಗೆಯಿರಿ. "ಬರುತ್ತದಾ ನೋಡೋಣ" ಎಂದು ಆನ್ ಮಾಡುವುದೇ ಬಹಳ ಕ್ಯಾಮೆರಾಗಳ ಕೊನೆ. ಚಾರ್ಜರಿಗೆ ಹಾಕುವುದು ಅದಕ್ಕಿಂತ ಕೆಟ್ಟದ್ದು, ಬೆಂಕಿಯ ಅಪಾಯವೂ ಇದೆ. ಕಾರ್ಡನ್ನು ಸಿಹಿನೀರಿನಲ್ಲಿ ಅದ್ದಿ ತೆಗೆದು ಪೂರ್ತಿ ಒಣಗಿಸಿದರೆ ವಿಡಿಯೊಗಳು ಸಾಮಾನ್ಯವಾಗಿ ಉಳಿದಿರುತ್ತವೆ. ಉಪ್ಪುನೀರು ಕುಡಿದ ಬ್ಯಾಟರಿಯನ್ನು ಮತ್ತೆ ಬಳಸಬೇಡಿ, ಮನೆಯ ಹೊರಗೆ, ಹೊತ್ತಿಕೊಳ್ಳುವ ವಸ್ತುಗಳಿಂದ ದೂರ ಇಡಿ. ಅಕ್ಕಿ ಡಬ್ಬಿಯಲ್ಲಿ ಹೂಳುವುದರಿಂದ ಪ್ರಯೋಜನವಿಲ್ಲ, ಪುಡಿ ಒಳಸೇರುತ್ತದೆ. ಹೇರ್ ಡ್ರೈಯರ್ ಬಿಸಿಗೆ ಸೀಲಿನ ಅಂಟು ಸಡಿಲವಾಗುತ್ತದೆ. ಸಿಹಿನೀರಾದರೆ ಸಿಲಿಕಾ ಜೆಲ್ ಜೊತೆ ಎರಡು ಮೂರು ದಿನ ಒಣಗಿಸಿ ಬೇರೆ ಬ್ಯಾಟರಿ ಹಾಕಿ ನೋಡಬಹುದು. ಉಪ್ಪುನೀರಾದರೆ ಕಾಯಬೇಡಿ, ಒಣಗಿದ ಉಪ್ಪು ಸರ್ಕ್ಯೂಟನ್ನು ತಿನ್ನುತ್ತಲೇ ಇರುತ್ತದೆ. ಅದೇ ದಿನ ಅಥವಾ ಮರುದಿನ ದುರಸ್ತಿಯವರಿಗೆ ಒಪ್ಪಿಸಿ.

ಇನ್ನು ಕಾರಣ ಹುಡುಕುವುದು. ಬಾಗಿಲಿನ ಒಳಅಂಚಿನ ರಬ್ಬರ್ ಪಟ್ಟಿಯನ್ನು ಫೋನಿನ ಟಾರ್ಚ್ ಹಿಡಿದು ನೋಡಿ. ಒಂದು ತಲೆಗೂದಲು, ಒಂದು ಮರಳ ಕಣ, ಟವೆಲಿನ ಒಂದು ಎಳೆ ಅಡ್ಡಬಿದ್ದಿದ್ದರೂ ಸಾಕು, ಅದರ ಪಕ್ಕದಲ್ಲೇ ನೀರಿಗೆ ದಾರಿ. ಒದ್ದೆ ಬಟ್ಟೆಯಿಂದ ಒರೆಸಿ. ರಬ್ಬರ್ ಸೀಳಿದ್ದರೆ, ಚಪ್ಪಟೆಯಾಗಿದ್ದರೆ ಬಾಗಿಲನ್ನೇ ಬದಲಿಸಿ. ಬೀಗ ಟಕ್ ಎಂದು ಕೂತಿತ್ತೇ? ಚಾರ್ಜಿಂಗ್ ವೈರ್ ಹೋಗಲೆಂದು ತೂತಿರುವ ಬಾಗಿಲು ಹಾಕಿದ್ದಿರಾ? ಅದು ನೀರು ತಡೆಯುವುದಿಲ್ಲ. ಕೇಸ್ ಬಳಸುವವರು ಕ್ಯಾಮೆರಾ ತೆಗೆದಿಟ್ಟು, ಕೇಸಿನೊಳಗೆ ಒಣ ಟಿಶ್ಯೂ ಇಟ್ಟು, ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಅದುಮಿಟ್ಟು ನೋಡಿ. ಟಿಶ್ಯೂ ಒದ್ದೆಯಾದರೆ ಆ ಕೇಸ್ ಬೇಡ. ಒಣಗಿಯೇ ಇದ್ದರೆ ಬಕೆಟ್ಟಿನ ಆಳಕ್ಕೆ ಮಾತ್ರ ಪಾಸು.

ಆಳಕ್ಕೆ ಹೋಗದೆಯೂ ಸೋರಿದ್ದರೆ ವೇಗ ನೆನಪಿಸಿಕೊಳ್ಳಿ. ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ನೀರಿಗೆ ಅಪ್ಪಳಿಸಿದ ಕ್ಯಾಮೆರಾದ ಮೇಲೆ ಬೀಳುವ ಒತ್ತಡ ಸುಮಾರು 5 ಮೀಟರ್ ಆಳದಷ್ಟು. 54 ಕಿಲೋಮೀಟರಿನಲ್ಲಿ ಅದು 11 ಮೀಟರ್ ದಾಟುತ್ತದೆ. ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 10 ಮೀಟರಿನ ಕ್ಯಾಮೆರಾವನ್ನು ಜೆಟ್ ಸ್ಕೀ ಮೇಲೆ, ವೇಕ್‌ಬೋರ್ಡ್ ಮೇಲೆ ಕೇಸ್ ಇಲ್ಲದೆ ಒಯ್ಯಬಾರದು ಎನ್ನುವುದು ಇದಕ್ಕೇ.

ಕಡಲಿಗೆ ಹೋದ ಪ್ರತಿ ಸಲವೂ, ತೊಂದರೆ ಇರಲಿ ಬಿಡಲಿ, ಬಾಗಿಲು ಮುಚ್ಚಿದಂತೆಯೇ 10–15 ನಿಮಿಷ ಸಿಹಿನೀರಿನಲ್ಲಿ ಮುಳುಗಿಸಿ, ನೀರಿನೊಳಗೇ ಬಟನ್‌ಗಳನ್ನು ನಾಲ್ಕೈದು ಸಲ ಒತ್ತಿ ಉಪ್ಪು ಬಿಡಿಸಿ, ಪೂರ್ತಿ ಒರೆಸಿ ಒಣಗಿದ ಮೇಲಷ್ಟೇ ಬಾಗಿಲು ತೆರೆಯಿರಿ.

ದುರಸ್ತಿಗೆ ಕೊಡುವಾಗ ಸಿಹಿನೀರೋ ಉಪ್ಪುನೀರೋ, ಎಷ್ಟು ಆಳ, ನೀರು ಹೋದ ಮೇಲೆ ಆನ್ ಮಾಡಿದ್ದಿರೋ ಇಲ್ಲವೋ ಎಂಬುದನ್ನು ಇದ್ದದ್ದು ಇದ್ದಂತೆ ಹೇಳಿ. ಬಾಗಿಲು, ರಬ್ಬರಿನ ಫೋಟೊ ತೆಗೆದಿಟ್ಟುಕೊಂಡಿರಿ. ಕಾರ್ಡನ್ನು ಕೊಡಬೇಡಿ. ದುರಸ್ತಿಯಾಗಿ ಬಂದ ಕ್ಯಾಮೆರಾವನ್ನು ಬಿಚ್ಚಿ ಜೋಡಿಸಿರುತ್ತಾರೆ. ನೀರು ತಡೆಯುವ ಪರೀಕ್ಷೆ ಮಾಡಿದ್ದೇವೆಂದು ಬರೆದುಕೊಡದಿದ್ದರೆ ಅದನ್ನು ಕೇಸಿನೊಳಗೆ ಹಾಕಿಯೇ ನೀರಿಗಿಳಿಸಿ.